ನವಿರು ಕೂದಲಿಗೆ ಯಾವುದು ಸರಿ: ಥಿಕ್ನಿಂಗೋ, ವಾಲ್ಯೂಮೈಸಿಂಗೋ?

ಪ್ರಶ್ನೆ: ನನಗೆ 34 ವರ್ಷ, ಇರುವುದು ತುಮಕೂರಿನಲ್ಲಿ. ಚಿಕ್ಕಂದಿನಿಂದಲೂ ನನ್ನ ಕೂದಲಿನ ಎಳೆ ಬಹಳ ಸಣ್ಣ. ಜಡೆ ಹಾಕಿದರೆ ತುದಿಯಲ್ಲಿ ಇಲಿಬಾಲ. ಮನೆಗೆ ಬರುವುದು ಬೋರ್‌ವೆಲ್ ನೀರು. ರಾತ್ರಿ ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ಹಚ್ಚಿಕೊಂಡು ಮಲಗುತ್ತೇನೆ, ವಾರಕ್ಕೆ ಎರಡು ಸಲ ತಲೆಸ್ನಾನ. ಮೂರು ತಿಂಗಳ ಹಿಂದೆ ಥಿಕ್ನಿಂಗ್ ಶಾಂಪೂ ಮತ್ತು ಕಂಡಿಷನರ್ ತಂದೆ. ಮೊದಲ ಎರಡು ವಾರ ಕೈಗೆ ದಪ್ಪ ಅನ್ನಿಸಿತು. ಈಗ ಮಧ್ಯಾಹ್ನದ ಹೊತ್ತಿಗೇ ಕೂದಲು ನೆತ್ತಿಗೆ ಅಂಟಿಕೊಳ್ಳುತ್ತದೆ. ಅಂಗಡಿಯವರು ವಾಲ್ಯೂಮೈಸಿಂಗ್ ಸೆಟ್ ಕೊಡುತ್ತೇವೆ ಎನ್ನುತ್ತಾರೆ. ಮುಡಿ ಕೊಟ್ಟರೆ ದಪ್ಪ ಬರುತ್ತದೆ ಎಂದು ಅತ್ತೆ ಹೇಳುತ್ತಾರೆ, ತಂಗಿ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಕಳಿಸಿದ್ದಾಳೆ. ಉದುರುವುದು ಹೆಚ್ಚಾಗಿಲ್ಲ, ಆದರೆ ಎರಡನೇ ಹೆರಿಗೆಯ ನಂತರ ಬೈತಲೆ ಅಗಲವಾಯಿತೇನೋ ಎಂಬ ಅನುಮಾನವಿದೆ. ಮಗುವಿಗೆ ಎರಡು ವರ್ಷ, ಹಾಲು ಬಿಡಿಸಿಯಾಗಿದೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಮುಖ್ಯ ಚಿಂತೆ ಯಾವ ಸೆಟ್ ಕೊಳ್ಳಬೇಕು ಎಂಬುದು. ಆದರೆ ಪತ್ರದ ಕೊನೆಯಲ್ಲಿ ಬರೆದ ಬೈತಲೆಯ ಮಾತು ಅದಕ್ಕಿಂತ ಮುಖ್ಯ. ಎರಡಕ್ಕೂ ಬೇರೆ ಬೇರೆ ಉತ್ತರವಿದೆ. ಶಾಂಪೂವಿನ ಮಟ್ಟಿಗೆ ಹೇಳುವುದಾದರೆ, ದಿನನಿತ್ಯಕ್ಕೆ ವಾಲ್ಯೂಮೈಸಿಂಗ್ ಶಾಂಪೂ, ಅಂದರೆ ಬುಡ ಎತ್ತಿ ಕೂದಲು ಉಬ್ಬಿದಂತೆ ಕಾಣಿಸುವಂಥದ್ದು, ನಿಮಗೆ ಹೊಂದುತ್ತದೆ. ಥಿಕ್ನಿಂಗ್ ಕಂಡಿಷನರನ್ನು ಎಸೆಯಬೇಕಿಲ್ಲ, ವಾರಕ್ಕೊಮ್ಮೆ ಕಿವಿಯಿಂದ ಕೆಳಗಿನ ಭಾಗಕ್ಕೆ ಮಾತ್ರ ಹಚ್ಚಿ. ಹರಳೆಣ್ಣೆ ನಿಲ್ಲಿಸಿ. ಬೈತಲೆಯನ್ನು ಮಾತ್ರ ಶಾಂಪೂವಿನ ಭರವಸೆಗೆ ಬಿಡಬೇಡಿ.

ಮೊದಲು ನಿಮ್ಮ ಕೂದಲು ಯಾವ ಬಗೆಯದು ಎಂದು ಖಚಿತಪಡಿಸಿಕೊಳ್ಳೋಣ. ಒಂದೊಂದು ಎಳೆಯೂ ಸಣ್ಣಗಿರುವುದು ಬೇರೆ, ತಲೆಯ ಮೇಲೆ ಎಳೆಗಳ ಸಂಖ್ಯೆಯೇ ಕಡಿಮೆ ಇರುವುದು ಬೇರೆ, ಮೊದಲಿದ್ದದ್ದು ಈಗ ಕಡಿಮೆಯಾಗುತ್ತಿರುವುದು ಇನ್ನೂ ಬೇರೆ. ಕನ್ನಡಿಯಲ್ಲಿ ಮೂರೂ ಒಂದೇ ರೀತಿ ಕಾಣುತ್ತವೆ, ಚಿಕಿತ್ಸೆ ಮೂರಕ್ಕೂ ಒಂದೇ ಅಲ್ಲ. ಉದುರಿದ ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊರಳಿಸಿ ನೋಡಿ. ಬೆರಳಿಗೆ ಸಿಕ್ಕಿದ್ದೇ ಗೊತ್ತಾಗದಿದ್ದರೆ ಅದು ನವಿರು ಎಳೆ, ಅಂದರೆ ವ್ಯಾಸ ಸುಮಾರು 60 ಮೈಕ್ರಾನ್‌ಗಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದಪ್ಪ ಕೂದಲಿನವರಲ್ಲಿ ಇದು 80 ಮೈಕ್ರಾನ್ ದಾಟುತ್ತದೆ. ಆಮೇಲೆ ಎಣ್ಣೆಯಿಲ್ಲದ ಒಣಕೂದಲನ್ನು ಹಿಂದಕ್ಕೆ ಒಟ್ಟಾಗಿ ಹಿಡಿದು ರಬ್ಬರ್ ಹಾಕಿ, ಅದರ ಬುಡಕ್ಕೆ ದಾರ ಸುತ್ತಿ ಸ್ಕೇಲಿನ ಮೇಲೆ ಅಳೆಯಿರಿ. ಸುತ್ತಳತೆ 5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಒಟ್ಟು ಕೂದಲು ಕಡಿಮೆ, 5ರಿಂದ 10ರ ನಡುವೆ ಇದ್ದರೆ ಸಾಮಾನ್ಯ. ಎಳೆ ಸಣ್ಣಗಿದ್ದಾಗ ಸಂಖ್ಯೆ ಚೆನ್ನಾಗಿದ್ದರೂ ಸುತ್ತಳತೆ ಕಡಿಮೆ ಬರಬಹುದು. ಹಾಗಾಗಿ ಈ ಅಂಕಿಯನ್ನು ಬೇರೆಯವರದರ ಜೊತೆ ಹೋಲಿಸುವುದಕ್ಕಿಂತ, ಬರೆದಿಟ್ಟುಕೊಂಡು ಆರು ತಿಂಗಳ ನಂತರ ನಿಮ್ಮದನ್ನೇ ಮತ್ತೆ ಅಳೆದು ನೋಡುವುದು ಉಪಯೋಗಕ್ಕೆ ಬರುತ್ತದೆ.

ಈಗ ನವಿರು ಕೂದಲು ಯಾಕೆ ಚಪ್ಪಟೆಯಾಗಿ ಮಲಗುತ್ತದೆ ಎಂದು ನೋಡೋಣ. ಕಾರಣ ಗೊತ್ತಾದರೆ ಯಾವ ಬಾಟಲಿ ಏನು ಮಾಡಬಲ್ಲದು ಎಂಬುದು ತಾನಾಗಿ ತಿಳಿಯುತ್ತದೆ. ಎಳೆಯ ವ್ಯಾಸ ಅರ್ಧವಾದಾಗ ಅದರ ತೂಕ ನಾಲ್ಕನೇ ಒಂದು ಪಾಲಾಗುತ್ತದೆ. ಬಾಗದೆ ನಿಲ್ಲುವ ಬಿಗುವು ಮಾತ್ರ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಸಣ್ಣ ಎಳೆ ತನ್ನ ತೂಕವನ್ನೇ ಹೊರಲಾರದೆ ಬಾಗುತ್ತದೆ, ಅದರ ಮೇಲೆ ಏನೇ ಸವರಿದರೂ ಇನ್ನಷ್ಟು ಬಾಗುತ್ತದೆ. ಇನ್ನೊಂದು ಕಾರಣ ಜಿಡ್ಡು. ಎಳೆ ಸಣ್ಣದೆಂದು ನೆತ್ತಿಯ ಗ್ರಂಥಿಗಳು ಕಡಿಮೆ ಜಿಡ್ಡು ಸುರಿಸುವುದಿಲ್ಲ. ಅಷ್ಟೇ ಜಿಡ್ಡು ಸಣ್ಣ ಎಳೆಯ ಮೇಲೆ ಬಿದ್ದಾಗ ಬೇಗ ಮೇಲ್ಮೈಯನ್ನೆಲ್ಲ ಮುಚ್ಚುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ, ನಡುವೆ ನೆತ್ತಿ ಕಾಣುತ್ತದೆ. ಹಾಗೆ ಕಂಡ ನೆತ್ತಿಯನ್ನು ನೋಡಿ ಕೂದಲು ಹೋಯಿತೆಂದು ಹೆದರುವವರು ನಮ್ಮಲ್ಲಿಗೆ ಬರುವವರಲ್ಲಿ ಕಡಿಮೆಯೇನಿಲ್ಲ.

ಥಿಕ್ನಿಂಗ್ ಎಂದು ಬರೆದ ಉತ್ಪನ್ನಗಳು ಎಳೆಯ ಮೇಲೆ ಒಂದು ಲೇಪನ ಬಿಡುತ್ತವೆ. ಗೋಧಿ, ಅಕ್ಕಿ ಅಥವಾ ಕೆರಾಟಿನ್‌ನಿಂದ ತೆಗೆದ ಹೈಡ್ರೊಲೈಸ್ಡ್ (ಸಣ್ಣ ತುಣುಕಾಗಿ ಒಡೆದ) ಪ್ರೋಟೀನ್, ಪ್ಯಾಂಥೆನಾಲ್, ಎಳೆಗೆ ಅಂಟಿ ಕೂರುವ ಪಾಲಿಕ್ವಾಟರ್ನಿಯಂ ಎಂಬ ಪಾಲಿಮರ್ ಮುಂತಾದವು ಇದರಲ್ಲಿರುತ್ತವೆ. ಪ್ರೋಟೀನಿನ ತೀರ ಸಣ್ಣ ತುಣುಕುಗಳು ಎಳೆಯೊಳಗೆ ಸ್ವಲ್ಪ ಇಳಿಯುತ್ತವೆ, ದೊಡ್ಡವು ಮೇಲೇ ಕೂರುತ್ತವೆ. ಪ್ಯಾಂಥೆನಾಲ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ಕೈಗೆ ದಪ್ಪ ಸಿಗುತ್ತದೆ, ಒರಟಾದ ತುದಿಗಳು ನಯವಾಗುತ್ತವೆ. ತೊಳೆದಾಗ ಹೆಚ್ಚಿನ ಪಾಲು ಹೊರಟುಹೋಗುತ್ತದೆ. ನೆತ್ತಿಯಿಂದ ಹೊರಗೆ ಬಂದ ಕೂದಲು ಜೀವವಿಲ್ಲದ್ದು. ಅದನ್ನು ಶಾಶ್ವತವಾಗಿ ದಪ್ಪ ಮಾಡುವ ಶಾಂಪೂ ಇಲ್ಲ, ಬುಡದಿಂದ ಬರುವ ಹೊಸ ಎಳೆಯ ಗಾತ್ರವನ್ನು ಬದಲಿಸುವ ಶಾಂಪೂವೂ ಇಲ್ಲ.

ವಾಲ್ಯೂಮೈಸಿಂಗ್ ಕೆಲಸ ಮಾಡುವುದು ಇನ್ನೊಂದು ದಾರಿಯಲ್ಲಿ. ಅದು ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಮೇಲೆ ಬಿಡುವುದು ಬಹಳ ಕಡಿಮೆ. ಕೆಲವದರಲ್ಲಿ ಎಳೆಗಳ ನಡುವಿನ ಜಾರಿಕೆ ಕಡಿಮೆ ಮಾಡುವ ತೆಳು ಪದರವಿರುತ್ತದೆ. ಎಳೆಗಳು ಜಾರಿ ಒತ್ತಾಗದಿದ್ದರೆ ನಡುವೆ ಗಾಳಿಗೆ ಜಾಗ ಸಿಗುತ್ತದೆ, ಬುಡ ಎದ್ದು ನಿಲ್ಲುತ್ತದೆ. ಇದರ ತೊಂದರೆಯೂ ಅಲ್ಲೇ ಇದೆ. ಜಾರಿಕೆ ಕಡಿಮೆಯಾದ ಕೂದಲು ಸಿಕ್ಕಾಗುತ್ತದೆ, ತುದಿ ಒಣಗುತ್ತದೆ. ಬಣ್ಣ ಹಾಕಿಸಿದ ಅಥವಾ ಸ್ಟ್ರೈಟನಿಂಗ್ ಮಾಡಿಸಿದ ಕೂದಲಾದರೆ ತುಂಡಾಗುವುದೂ ಉಂಟು. ಅಂಥವರಿಗೆ ನಾನು ಥಿಕ್ನಿಂಗ್ ಕಡೆಗೇ ಒಲವು ತೋರುತ್ತೇನೆ, ಏಕೆಂದರೆ ಹಾನಿಯಾದ ಎಳೆಗೆ ಲೇಪನದ ಆಸರೆ ಬೇಕು. ಎಳೆ ದಪ್ಪಗಿದ್ದು ಸಂಖ್ಯೆ ಮಾತ್ರ ಕಡಿಮೆ ಇರುವವರಿಗೂ ಥಿಕ್ನಿಂಗ್ ಭಾರವಾಗುವುದಿಲ್ಲ. ನೀವು ಬಣ್ಣದ ಬಗ್ಗೆಯಾಗಲಿ ಸ್ಟ್ರೈಟನಿಂಗ್ ಬಗ್ಗೆಯಾಗಲಿ ಏನೂ ಬರೆದಿಲ್ಲ. ನಿಮ್ಮದು ಹುಟ್ಟಿನಿಂದ ಬಂದ ನವಿರು ಕೂದಲು, ಬೇಗ ಜಿಡ್ಡಾಗುತ್ತದೆ. ಇದಕ್ಕೆ ಹಗುರವೇ ಮದ್ದು.

ಒಂದು ಎಚ್ಚರಿಕೆ ಇಲ್ಲಿ ಬೇಕು. ಬಾಟಲಿಯ ಮುಂಭಾಗದ ಈ ಎರಡು ಹೆಸರುಗಳಿಗೆ ಕಟ್ಟುನಿಟ್ಟಾದ ಅರ್ಥವೇನೂ ಇಲ್ಲ, ಕಂಪನಿಗಳು ತಮಗೆ ತೋಚಿದಂತೆ ಬಳಸುತ್ತವೆ. ಆದ್ದರಿಂದ ಹಿಂಭಾಗ ಓದಿ. ಪಟ್ಟಿಯಲ್ಲಿ ಡೈಮೆಥಿಕೋನ್ ಎಂಬ ಸಿಲಿಕೋನ್, ಶಿಯಾ ಬಟರ್, ಯಾವುದಾದರೂ ಎಣ್ಣೆ, ಗ್ವಾರ್ ಎಂದು ಶುರುವಾಗುವ ಉದ್ದದ ಹೆಸರು ಮೇಲುಮೇಲಿನ ಸಾಲಿನಲ್ಲೇ ಕಂಡರೆ, ಮುಂದೆ ವಾಲ್ಯೂಮೈಸಿಂಗ್ ಎಂದು ಬರೆದಿದ್ದರೂ ಅದು ನಿಮ್ಮ ಕೂದಲಿಗೆ ಭಾರ. ಶಾಂಪೂ ಪಾರದರ್ಶಕವಾಗಿದ್ದರೆ ಒಳ್ಳೆಯ ಸೂಚನೆ. ಮುತ್ತಿನಂತೆ ಹೊಳೆಯುವ ದಟ್ಟ ಶಾಂಪೂಗಳಲ್ಲಿ ಸಿಲಿಕೋನ್ ಇರುವ ಸಂಭವ ಹೆಚ್ಚು. ಇದು ಸಂಪೂರ್ಣ ನಂಬಬಹುದಾದ ಗುರುತಲ್ಲ, ಅಂಗಡಿಯಲ್ಲಿ ನಿಂತು ಆರಿಸುವಾಗ ನೆರವಾಗುತ್ತದೆ ಅಷ್ಟೇ.

ಮೊದಲ ಎರಡು ವಾರ ಚೆನ್ನಾಗಿದ್ದದ್ದು ಆಮೇಲೆ ಯಾಕೆ ಕೆಟ್ಟಿತು ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಲೇಪನದ ಮೇಲೆ ಲೇಪನ ಕೂತಿದೆ. ಹರಳೆಣ್ಣೆ ಬಹಳ ಮಂದ, ಒಂದು ಸಲದ ಶಾಂಪೂವಿಗೆ ಪೂರ್ತಿ ಬಿಡುವುದಿಲ್ಲ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಳೆಯ ಮೇಲ್ಮೈಗೆ ಅಂಟಿ ಅದನ್ನು ಒರಟು ಮಾಡುತ್ತವೆ. ಇವೆರಡರ ಮೇಲೆ ಪ್ರೋಟೀನ್ ಮತ್ತು ಪಾಲಿಮರ್. ವಾರಕ್ಕೆ ಎರಡೇ ಸ್ನಾನದಲ್ಲಿ ಇದೆಲ್ಲ ಹೋಗುವಂಥದ್ದಲ್ಲ. ನೀರಿನ ಗಡಸುತನವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯ ಮಿತಿ, ಬೇರೆ ನೀರು ಸಿಗದಿದ್ದರೆ 600ರ ತನಕ ಒಪ್ಪುತ್ತಾರೆ. 300 ದಾಟಿದ ನೀರಿನಲ್ಲಿ ನವಿರು ಕೂದಲು ಮಂಕಾಗುವುದನ್ನು ನಾವು ಸಾಮಾನ್ಯವಾಗಿ ನೋಡುತ್ತೇವೆ. ಆದರೆ ಗಡಸು ನೀರಿನಿಂದ ಕೂದಲು ಬುಡಸಮೇತ ಉದುರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಒರಟಾದ ಎಳೆ ಬಾಚುವಾಗ ನಡುವೆ ತುಂಡಾಗುತ್ತದೆ, ಅದನ್ನೇ ಉದುರಿತು ಎಂದುಕೊಳ್ಳುತ್ತೇವೆ. ಬಾಚಣಿಗೆಯಲ್ಲಿ ಸಿಕ್ಕ ಎಳೆಯ ಒಂದು ತುದಿಯಲ್ಲಿ ಬಿಳಿಯ ಸಣ್ಣ ಗಂಟಿದ್ದರೆ ಬುಡದಿಂದ ಬಂದದ್ದು, ಇಲ್ಲದಿದ್ದರೆ ತುಂಡಾದದ್ದು.

ಹಾಗಾದರೆ ಹೊಸ ಸೆಟ್ ತರುವ ಮುನ್ನ ಹಳೆಯದನ್ನೆಲ್ಲ ಇಳಿಸಬೇಕು. ಕೂತ ಲೇಪನವನ್ನೆಲ್ಲ ತೊಳೆದು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಒಂದು ಸಣ್ಣ ಬಾಟಲಿ ತನ್ನಿ. ಪಟ್ಟಿಯಲ್ಲಿ ಇಡಿಟಿಎ ಇದ್ದರೆ ಉತ್ತಮ, ಅದು ಕ್ಯಾಲ್ಸಿಯಮ್ಮನ್ನು ಹಿಡಿದು ನೀರಿನೊಂದಿಗೆ ಕೊಂಡೊಯ್ಯುತ್ತದೆ. ಹೆಗಲವರೆಗಿನ ಕೂದಲಿಗೆ 8ರಿಂದ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ ಸಾಕು. ಅಂಗೈಯಲ್ಲಿ ನೀರು ಬೆರೆಸಿ ನೊರೆ ಮಾಡಿ ಬೆರಳ ತುದಿಯಿಂದ ನೆತ್ತಿಗೆ ಉಜ್ಜಿ, ಉಗುರು ತಾಗಿಸಬೇಡಿ. ತುದಿಗೆ ಇಳಿಯುವ ನೊರೆಯೇ ಅಲ್ಲಿಗೆ ಸಾಕಾಗುತ್ತದೆ. ತೊಳೆದು ಇನ್ನೊಮ್ಮೆ ಹಾಕಿ, ಈ ಸಲ ಅರ್ಧದಷ್ಟು. ಮೊದಲ ಸಲ ನೊರೆ ಬರಲಿಲ್ಲವೆಂದು ಒಂದೇ ಸಮನೆ ಸುರಿದುಕೊಳ್ಳುವುದು ಎಣ್ಣೆ ಹಚ್ಚುವವರೆಲ್ಲ ಮಾಡುವ ತಪ್ಪು. ಎಣ್ಣೆಯಿದ್ದಾಗ ಮೊದಲ ಸಲ ನೊರೆ ಬರುವುದೇ ಇಲ್ಲ, ಎರಡನೆಯದಕ್ಕೆ ಬರುತ್ತದೆ. ಕಡೆಯ ಎರಡು ಚೊಂಬು ಮಾತ್ರ ಆರ್‌ಒ ನೀರು ಅಥವಾ ಮಳೆನೀರು ಹಾಕಿಕೊಂಡರೆ ಲವಣ ಮತ್ತೆ ಕೂರುವುದು ಕಡಿಮೆಯಾಗುತ್ತದೆ. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕೂದಲ ಮೇಲೆ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ. ನೆತ್ತಿಯಲ್ಲಿ ಗಾಯ, ಉರಿ ಇದ್ದರೆ ಇದು ಬೇಡ. ನಿಂಬೆರಸವನ್ನು ನೇರವಾಗಿ ತಿಕ್ಕುವುದಂತೂ ಬೇಡವೇ ಬೇಡ. ಈ ಆಳವಾದ ತೊಳೆತ ಎರಡು ಮೂರು ವಾರಕ್ಕೊಮ್ಮೆ ಸಾಕು. ವಾರವಾರ ಮಾಡಿದರೆ ತುದಿ ಹುಲ್ಲಾಗುತ್ತದೆ.

ಸೀಗೆಪುಡಿ ಆಗದೇ ಎಂದು ಕೇಳುವವರಿದ್ದಾರೆ. ಸೀಗೆ, ಅಂಟುವಾಳದ ನೊರೆ ಸೋಪಿನಂತೆ ಗಡಸು ನೀರಿನಲ್ಲಿ ಬಿಳಿ ಗಸಿ ಬಿಡುವುದಿಲ್ಲ, ಅದು ಅವುಗಳ ದೊಡ್ಡ ಗುಣ. ಆದರೆ ಹರಳೆಣ್ಣೆಯನ್ನಾಗಲಿ ಸಿಲಿಕೋನನ್ನಾಗಲಿ ತೆಗೆಯುವ ಶಕ್ತಿ ಅವಕ್ಕೆ ಸಾಲದು. ಪುಡಿಯ ಕಣಗಳು ನವಿರು ಎಳೆಗಳ ನಡುವೆ ಸಿಕ್ಕು ಉಜ್ಜುತ್ತವೆ. ಬಳಸುವುದೇ ಆದರೆ ಕುದಿಸಿ ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸಿ. ದಾಸವಾಳದ ಸೊಪ್ಪಿನ ಲೋಳೆ ಒಳ್ಳೆಯ ಕಂಡಿಷನರೇ, ನೆತ್ತಿಯ ಹತ್ತಿರ ಮಾತ್ರ ಹಚ್ಚಬೇಡಿ, ಅಲ್ಲಿ ಕೂದಲನ್ನು ಮಲಗಿಸಿಬಿಡುತ್ತದೆ.

ಇನ್ನು ನಿತ್ಯದ ಕ್ರಮ. ವಾರಕ್ಕೆ ಮೂರು ಸಲ, ಬೇಕಾದರೆ ದಿನ ಬಿಟ್ಟು ದಿನ ವಾಲ್ಯೂಮೈಸಿಂಗ್ ಶಾಂಪೂ ಹಾಕಿ. ಹೆಚ್ಚು ತೊಳೆದರೆ ಹೆಚ್ಚು ಉದುರುತ್ತದೆ ಎಂಬ ಭಯ ಬೇಡ. ದಿನಕ್ಕೆ 50ರಿಂದ 100 ಎಳೆ ಯಾರಿಗಾದರೂ ಉದುರುತ್ತವೆ. ನಾಲ್ಕು ದಿನ ಬಿಟ್ಟು ತೊಳೆದಾಗ ನಾಲ್ಕು ದಿನದವು ಒಟ್ಟಿಗೆ ಕೈಗೆ ಬರುತ್ತವೆ, ಅಷ್ಟೇ. ಪ್ರತಿ ಸಲವೂ ಹಗುರವಾದ ಕಂಡಿಷನರ್ ಒಂದು ಟೀ ಚಮಚದಷ್ಟು ತುದಿಗೆ ಹಚ್ಚಿ ಒಂದು ನಿಮಿಷಕ್ಕೆ ತೊಳೆಯಿರಿ. ಕಂಡಿಷನರ್ ಹಚ್ಚಿದರೆ ಚಪ್ಪಟೆಯಾಗುತ್ತದೆಂದು ಪೂರ್ತಿ ಬಿಟ್ಟವರ ತುದಿಗಳು ಸೀಳಿ, ಜಡೆ ಇನ್ನಷ್ಟು ಬಡವಾಗುತ್ತದೆ. ನಿಮ್ಮಲ್ಲಿರುವ ಥಿಕ್ನಿಂಗ್ ಕಂಡಿಷನರನ್ನು ವಾರದಲ್ಲಿ ಒಂದು ದಿನ ಇದರ ಬದಲಿಗೆ ಹಚ್ಚಿ ಮೂರು ನಿಮಿಷ ಬಿಡಿ. ಕೂದಲು ಕಡ್ಡಿಯಂತೆ ಬಿರುಸಾಗಿ ಪಟಪಟ ಮುರಿಯತೊಡಗಿದರೆ ಪ್ರೋಟೀನ್ ಜಾಸ್ತಿಯಾಯಿತೆಂದು ಅರ್ಥ, ಎರಡು ವಾರ ನಿಲ್ಲಿಸಿ. ಎಣ್ಣೆ ಬಿಡಲು ಮನಸ್ಸಿಲ್ಲದಿದ್ದರೆ ಬಿಡಬೇಕಿಲ್ಲ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಡೆಯುತ್ತದೆ, ಇದು ಪ್ರಯೋಗಗಳಲ್ಲಿ ಕಂಡ ಸಂಗತಿ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಒಂದು ಟೀ ಚಮಚ, ನಡುವಿನಿಂದ ತುದಿಯವರೆಗೆ. ರಾತ್ರಿಯಿಡೀ ನೆತ್ತಿಯಲ್ಲಿಟ್ಟರೆ ಹೊಸ ಕೂದಲೇನೂ ಬರುವುದಿಲ್ಲ. ಹೊಟ್ಟಿರುವವರಿಗೆ ಅದು ಹೆಚ್ಚಾಗುತ್ತದೆ, ಏಕೆಂದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ.

ನವಿರು ಕೂದಲಿಗೆ ನಿಜವಾದ ಎತ್ತರ ಸಿಗುವುದು ಒಣಗಿಸುವ ಕ್ರಮದಲ್ಲಿ. ಒದ್ದೆಯಾದಾಗ ಎಳೆಯೊಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಂಡು, ಒಣಗುವಾಗ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಒದ್ದೆ ಕೂದಲನ್ನು ಬೈತಲೆ ತೆಗೆದು ಒತ್ತಿ ಬಾಚಿ ಬಿಟ್ಟರೆ ಅದು ಹಾಗೇ ಗಟ್ಟಿಯಾಗುತ್ತದೆ. ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಕೂದಲಿನ ಆಕಾರ ಹಿಡಿದಿಡುವ ಮೂಸ್ ಎಂಬ ನೊರೆಯನ್ನು ನಿಂಬೆಹಣ್ಣಿನ ಗಾತ್ರದಷ್ಟು ಬುಡಕ್ಕೆ ಮಾತ್ರ ಹಚ್ಚಿ, ತಲೆ ಮುಂದಕ್ಕೆ ಬಾಗಿಸಿ, ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿ ಮಧ್ಯಮ ಬಿಸಿಯಲ್ಲಿ ಹಿಡಿದು ಬುಡ ಒಣಗಿಸಿ. ಕೊನೆಯ ಅರ್ಧ ನಿಮಿಷ ತಣ್ಣನೆ ಗಾಳಿ ಬಿಡಿ. ಡ್ರೈಯರ್ ಇಲ್ಲದಿದ್ದರೆ ಬೈತಲೆಯನ್ನು ನಿತ್ಯದ ಎದುರು ಬದಿಗೆ ತೆಗೆದು ಒಣಗಲು ಬಿಟ್ಟು, ಒಣಗಿದ ಮೇಲೆ ವಾಪಸ್ ತನ್ನಿ. ತುಮಕೂರಿನ ಒಣಹವೆಯಲ್ಲಿ ಇದು ಸಂಜೆಯವರೆಗೂ ನಿಲ್ಲುತ್ತದೆ. ಮಂಗಳೂರು, ಕಾರವಾರದವರಿಗೆ ಮಳೆಗಾಲದಲ್ಲಿ ಇಷ್ಟು ನಿಲ್ಲದು, ಗಾಳಿಯ ತೇವವೇ ಆ ಬಂಧಗಳನ್ನು ಮತ್ತೆ ಸಡಿಲಿಸುತ್ತದೆ. ಗ್ಲಿಸರಿನ್ ಹೆಚ್ಚಿರುವ ಸ್ಪ್ರೇಗಳು ಅಲ್ಲಿ ಇನ್ನೂ ಕೆಡಿಸುತ್ತವೆ.

ಕತ್ತರಿಯೂ ಸಹಾಯಕ್ಕೆ ಬರುತ್ತದೆ. ಇಲಿಬಾಲದ ತುದಿಯನ್ನು ನೇರವಾಗಿ ಕತ್ತರಿಸಿ ಹೆಗಲಿನ ಆಸುಪಾಸಿಗೆ ತಂದರೆ ತಕ್ಷಣವೇ ದಟ್ಟವಾಗಿ ಕಾಣುತ್ತದೆ. ತುಂಬ ಲೇಯರ್ ಮಾಡಿಸಬೇಡಿ. ಪಾರ್ಲರಿನಲ್ಲಿ ಕೆರಾಟಿನ್ ಅಥವಾ ಸ್ಮೂದನಿಂಗ್ ಮಾಡಿಸಿ ಎಂದರೆ ಒಪ್ಪಬೇಡಿ. ಅದು ಕೂದಲನ್ನು ನೇರಗೊಳಿಸಿ ಚಪ್ಪಟೆ ಮಾಡುವ ಚಿಕಿತ್ಸೆ, ನಿಮಗೆ ಬೇಕಿರುವುದಕ್ಕೆ ಪೂರ್ತಿ ಉಲ್ಟಾ. ಕೆಲವದರಲ್ಲಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಗ್ಲೈಯಾಕ್ಸಿಲಿಕ್ ಆಮ್ಲವಿರುವ ಸ್ಟ್ರೈಟನಿಂಗ್ ನಂತರ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಅತ್ತೆಯವರ ಮಾತಿಗೆ ಬರೋಣ. ಮುಡಿ ಕೊಡುವುದು ಹರಕೆಯ ವಿಷಯ, ಅದು ನಿಮ್ಮ ಮನೆಯ ನಿರ್ಧಾರ. ದಪ್ಪ ಬರಲೆಂದು ಮಾತ್ರ ಬೋಳಿಸಬೇಡಿ. ಎಳೆಯ ಗಾತ್ರ ತೀರ್ಮಾನವಾಗುವುದು ಚರ್ಮದ ಕೆಳಗೆ ಕೆಲವು ಮಿಲಿಮೀಟರ್ ಆಳದಲ್ಲಿರುವ ಬೇರಿನಲ್ಲಿ, ಬ್ಲೇಡು ಅಲ್ಲಿಗೆ ಮುಟ್ಟುವುದಿಲ್ಲ. ಹೊಸದಾಗಿ ಬಂದ ಕೂದಲಿನ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೆಗಲವರೆಗೆ ಬರಲು ಎರಡು ವರ್ಷ ದಾಟುತ್ತದೆ. ಬಯೋಟಿನ್ ಕೊರತೆ ಇದ್ದವರಿಗೆ ಬಯೋಟಿನ್ ಕೆಲಸ ಮಾಡುತ್ತದೆ, ನಮ್ಮ ಊಟ ಮಾಡುವವರಲ್ಲಿ ಆ ಕೊರತೆ ಅಪರೂಪ.

ಈಗ ಬೈತಲೆಯ ವಿಷಯ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ರಾಶಿಯಾಗಿ ಉದುರುವುದು ಸಹಜ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಮೊದಲಿನಂತಾಗುತ್ತದೆ. ಡೆಂಗಿ, ಟೈಫಾಯ್ಡ್ ಜ್ವರದ ನಂತರವೂ ಹೀಗೇ. ನಿಮಗೆ ಎರಡು ವರ್ಷವಾಗಿದೆ, ಉದುರುವುದು ಹೆಚ್ಚಿಲ್ಲ, ಆದರೂ ಬೈತಲೆ ಅಗಲವೆನಿಸುತ್ತಿದೆ. ಹೆಣ್ಣುಮಕ್ಕಳಲ್ಲಿ ಬರುವ ವಂಶವಾಹಿ ಕೂದಲ ಇಳಿಕೆ ಶುರುವಾಗುವುದೂ ಹೀಗೆಯೇ. ಅದರಲ್ಲಿ ಎಳೆಗಳು ಒಮ್ಮೆಗೇ ಉದುರುವುದಿಲ್ಲ, ಪ್ರತಿ ಸುತ್ತಿನಲ್ಲೂ ಇನ್ನಷ್ಟು ಸಣ್ಣಗೆ, ಇನ್ನಷ್ಟು ಗಿಡ್ಡವಾಗಿ ಹುಟ್ಟುತ್ತವೆ. ನೆತ್ತಿಯ ಮೇಲಿನ ಬೈತಲೆಯನ್ನೂ, ತಲೆಯ ಹಿಂಭಾಗದಲ್ಲಿ ತೆಗೆದ ಬೈತಲೆಯನ್ನೂ ಒಂದೇ ಬೆಳಕಿನಲ್ಲಿ, ಎಣ್ಣೆಯಿಲ್ಲದ ಒಣಕೂದಲಿನಲ್ಲಿ ಫೋಟೊ ತೆಗೆಸಿ. ಎರಡೂ ಒಂದೇ ಅಗಲವಿದ್ದರೆ ನಿಮ್ಮದು ಬರೀ ನವಿರು ಕೂದಲು. ಮೇಲಿನದು ಸ್ಪಷ್ಟವಾಗಿ ಅಗಲವಿದ್ದರೆ, ಉದುರಿದ ಕೂದಲಿನಲ್ಲಿ 3 ಸೆಂಟಿಮೀಟರಿಗಿಂತ ಗಿಡ್ಡವಾದ ತೆಳು ಎಳೆಗಳು ಹಲವು ಕಂಡರೆ, ಚರ್ಮವೈದ್ಯರ ಬಳಿ ಹೋಗಿ. ಅವರು ಡರ್ಮೋಸ್ಕೋಪಿನಲ್ಲಿ, ಅಂದರೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡಿದರೆ ಸಾಮಾನ್ಯವಾಗಿ ಆಗಲೇ ಹೇಳಬಲ್ಲರು.

ವಂಶವಾಹಿ ಇಳಿಕೆಯೇ ಎಂದಾದರೆ ಮೊದಲ ಮದ್ದು ಹಚ್ಚುವ ಮಿನಾಕ್ಸಿಡಿಲ್, ಶೇ 2 ಅಥವಾ ಶೇ 5ರದು. ಇದನ್ನು ವೈದ್ಯರು ನೋಡಿದ ಮೇಲೆ ಮಾತ್ರ ಶುರುಮಾಡಿ. ಮೊದಲ ಎರಡು ತಿಂಗಳಲ್ಲಿ ಉದುರುವುದು ಸ್ವಲ್ಪ ಹೆಚ್ಚಾಗಬಹುದು, ಹೆದರಿ ನಿಲ್ಲಿಸುವವರೇ ಹೆಚ್ಚು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಹೊಸ ಕೂದಲು ಹೋಗುತ್ತದೆ, ಹಾಗಾಗಿ ಇದು ದೀರ್ಘಕಾಲದ ಒಪ್ಪಂದ. ಹಣೆಗೆ, ಕೆನ್ನೆಗೆ ಇಳಿದರೆ ಅಲ್ಲಿಯೂ ರೋಮ ಬರುತ್ತದೆ. ಬಸಿರು ಮತ್ತು ಹಾಲೂಡುವ ಕಾಲದಲ್ಲಿ ಬಳಸುವಂತಿಲ್ಲ, ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ ಮತ್ತು ದಿಂಬಿನ ಹೊದಿಕೆ ಅದಕ್ಕೆ ಸಿಗದಂತೆ ನೋಡಿಕೊಳ್ಳಿ, ಅದರ ಜೀವಕ್ಕೇ ಅಪಾಯ.

ವೈದ್ಯರು ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆ ಬರೆಯಬಹುದು. ಎರಡು ಹೆರಿಗೆಯಾದವರಲ್ಲಿ, ಮುಟ್ಟಿನ ಸ್ರಾವ ಹೆಚ್ಚಿರುವವರಲ್ಲಿ ಕಬ್ಬಿಣದ ಸಂಗ್ರಹ ಕೆಳಗಿಳಿದಿರುವುದು ಸಾಮಾನ್ಯ. ಮುಟ್ಟು ಏರುಪೇರಾಗುತ್ತಿದ್ದರೆ ಅದನ್ನೂ ತಪ್ಪದೆ ತಿಳಿಸಿ. ತಂಗಿ ಕಳಿಸಿದ ಬಯೋಟಿನ್ ಈಗಾಗಲೇ ಶುರುಮಾಡಿದ್ದರೆ ರಕ್ತ ಕೊಡುವ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ವರದಿಯನ್ನು ತಪ್ಪಾಗಿ ತೋರಿಸುತ್ತದೆ, ಇಲ್ಲದ ಕಾಯಿಲೆಗೆ ಔಷಧಿ ಶುರುವಾಗಿಬಿಡಬಹುದು.